ಚೆಂಡು ಬೆಸೆದ ಸ್ನೇಹವನ್ನು ಅಳೆಯುವುದು ಹೇಗೆ?

ತುಮಕೂರಿನಿಂದ ದೇವರಾಯನದುರ್ಗದ ಕಡೆಗಾಗಲಿ, ಗುಬ್ಬಿ ಅಥವಾ ಕುಣಿಗಲ್ ಕಡೆಗಾಗಲಿ ಹೊರಟವರಿಗೆ ಬೇಸಿಗೆಯ ಸಂಜೆ ದಾರಿಯುದ್ದಕ್ಕೂ ಆಟದ ಬಯಲುಗಳು ಸಿಗುತ್ತವೆ. ನೀರಿಳಿದ ಕೆರೆಯಂಗಳ, ಶಾಲೆಯ ಮುಂದಿನ ಖಾಲಿ ಜಾಗ, ರಾಗಿ ಕೊಯ್ದ ಹೊಲ, ಹೀಗೆ ನೆಲ ಸಮತಟ್ಟಾಗಿ ಕಂಡಲ್ಲೆಲ್ಲ ಹುಡುಗರು ಸೇರಿರುತ್ತಾರೆ. ಅವರಲ್ಲಿ ಊರಿನವರು ಯಾರು, ಕೇರಿಯವರು ಯಾರು ಎಂಬುದು ದೂರದಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ. ಆಟ ಮುಗಿದು ಮನೆಗೆ ಹೊರಟಾಗ ಮಾತ್ರ ಒಬ್ಬೊಬ್ಬರ ದಾರಿ ಒಂದೊಂದು ಕಡೆಗೆ ತಿರುಗುತ್ತದೆ.

‘ಊರು’ ಮತ್ತು ‘ಕೇರಿ’ ಎಂಬ ಎರಡು ಪದಗಳಲ್ಲಿ ಕನ್ನಡ ನಾಡಿನ ಒಂದು ದೊಡ್ಡ ಒಡಕಿನ ಚರಿತ್ರೆಯೇ ಅಡಗಿದೆ. ಆ ಒಡಕನ್ನು, ಹಾಗೆಯೇ ಮತಗಳ ನಡುವಣ ಒಡಕನ್ನು, ಆಟದ ಮೂಲಕ ಮುಚ್ಚಬಹುದೆಂಬ ನಂಬಿಕೆ ಇಂದು ನಿನ್ನೆಯದಲ್ಲ. ಬೇರೆ ಬೇರೆ ಸಮುದಾಯಗಳ ಎಳೆಯರನ್ನು ಒಂದೇ ಮೈದಾನಕ್ಕೆ ಇಳಿಸಿದರೆ ಸಾಕು, ಉಳಿದದ್ದನ್ನು ಚೆಂಡೇ ನೋಡಿಕೊಳ್ಳುತ್ತದೆ ಎಂಬ ಭರವಸೆಯಲ್ಲಿ ಜಗತ್ತಿನ ಹಲವೆಡೆ ಫುಟ್‌ಬಾಲ್ ಯೋಜನೆಗಳು ನಡೆದಿವೆ. ಈ ಭರವಸೆ ಎಷ್ಟು ನಿಜ? ಯೋಜನೆ ಫಲಿಸಿತು ಎಂದು ಹೇಳಲು ಯಾವ ಅಳತೆಗೋಲು ಬೇಕು? ಇದಕ್ಕೆ ಉತ್ತರ ಹುಡುಕಿದವರಿಗೆ ಸಿಕ್ಕ ಫಲಿತಾಂಶಗಳು ಆಸೆ ಮೂಡಿಸುವಂತಿವೆ, ಎಚ್ಚರಿಸುವಂತೆಯೂ ಇವೆ.

ಧಾರವಾಡದ ಬಾಲು

ಉತ್ತರಕ್ಕಾಗಿ ದೂರ ಹೋಗುವ ಮೊದಲು ಕರ್ನಾಟಕದಲ್ಲೇ ಹುಟ್ಟಿದ ಒಬ್ಬ ಆಟಗಾರನ ಬದುಕನ್ನು ನೋಡುವುದು ಉಚಿತ. ಪಾಲ್ವಣಕರ್ ಬಾಲು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಧಾರವಾಡದಲ್ಲಿ ಒಂದು ದಲಿತ ಕುಟುಂಬದಲ್ಲಿ ಹುಟ್ಟಿದರು. ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಅವರು, ಅಲ್ಲಿ ಅಭ್ಯಾಸಕ್ಕೆ ಬಂದವರಿಗೆ ಚೆಂಡು ಎಸೆಯುತ್ತ ಎಸೆಯುತ್ತಲೇ ಅಪೂರ್ವ ಎಡಗೈ ಸ್ಪಿನ್ ಬೌಲರ್ ಆಗಿ ಬೆಳೆದರು. ಪುಣೆಯ ಹಿಂದೂ ತಂಡಕ್ಕೆ ಗೆಲುವು ಬೇಕಿತ್ತು, ಬಾಲು ಇಲ್ಲದೆ ಗೆಲುವು ಕಷ್ಟವಾಗಿತ್ತು. ಹೀಗಾಗಿ ಅವರನ್ನು ತಂಡಕ್ಕೆ ಸೇರಿಸಿಕೊಂಡರು.

ಮೈದಾನದಲ್ಲಿ ಬಾಲು ಮುಟ್ಟಿದ ಚೆಂಡನ್ನು ಮೇಲುಜಾತಿಯವರೂ ಮುಟ್ಟಿದರು. ಆದರೆ ಚಹದ ವಿರಾಮದಲ್ಲಿ ಉಳಿದವರು ಒಳಗೆ ಕುಳಿತು ಪಿಂಗಾಣಿ ಬಟ್ಟಲಲ್ಲಿ ಕುಡಿದರೆ, ಬಾಲು ಅವರಿಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹ. ಊಟವೂ ಬೇರೆ. 1906ರಲ್ಲಿ ಬೊಂಬಾಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿದಾಗ ಆ ಗೆಲುವಿನಲ್ಲಿ ಅವರ ಪಾಲು ದೊಡ್ಡದಾಗಿತ್ತು. 1911ರಲ್ಲಿ ಇಂಗ್ಲೆಂಡ್ ಪ್ರವಾಸ ಮಾಡಿದ ಭಾರತ ತಂಡದಲ್ಲಿ ಅವರು ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಒಲಿಯಲಿಲ್ಲ. ಅದು ಅವರ ತಮ್ಮ ವಿಠಲ್ ಅವರಿಗೆ ಸಿಕ್ಕಿದ್ದು 1923ರಲ್ಲಿ.

ಈ ಚರಿತ್ರೆಯಲ್ಲಿ ಎರಡು ಸಂಗತಿಗಳಿವೆ. ಒಂದು, ಆಟ ಮುಚ್ಚಿದ ಬಾಗಿಲನ್ನು ತೆರೆಯಬಲ್ಲದು. ಬೇರೆ ಯಾವ ಹಾದಿಯಿಂದಲೂ ಆ ಕಾಲದ ದಲಿತ ಯುವಕನಿಗೆ ಸಿಗದ ಪ್ರವೇಶ ಬಾಲು ಅವರಿಗೆ ಚೆಂಡಿನಿಂದ ಸಿಕ್ಕಿತು. ಎರಡು, ತೆರೆದ ಬಾಗಿಲು ಎಷ್ಟು ಒಳಗೆ ಬಿಡುತ್ತದೆ ಎಂಬುದು ಬೇರೆಯೇ ಮಾತು. ಸ್ಕೋರ್ ಪುಸ್ತಕವನ್ನಷ್ಟೇ ನೋಡಿದವರು ಆ ತಂಡದಲ್ಲಿ ಜಾತಿಯ ಗೋಡೆ ಬಿದ್ದಿತ್ತೆಂದು ತೀರ್ಮಾನಿಸುತ್ತಿದ್ದರು. ಚಹದ ಕುಡಿಕೆಯನ್ನು ನೋಡಿದವರಿಗೆ ನಿಜ ತಿಳಿಯುತ್ತಿತ್ತು.

ತಂಡ ಕಟ್ಟುವ ಬಗೆ

ಅದೇ ಬೊಂಬಾಯಿಯಲ್ಲಿ ಆಟ ಸಮುದಾಯಗಳನ್ನು ಬೇರ್ಪಡಿಸಿದ್ದೂ ಉಂಟು. ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು, ಮುಸ್ಲಿಮರು, ಕೊನೆಗೆ ಇತರರು ಎಂದು ಮತದ ಲೆಕ್ಕದಲ್ಲಿ ತಂಡ ಕಟ್ಟಿಕೊಂಡು ಆಡುತ್ತಿದ್ದ ಪಂದ್ಯಾವಳಿ ದಶಕಗಳ ಕಾಲ ಜನಪ್ರಿಯವಾಗಿತ್ತು. ದೇಶದಲ್ಲಿ ಕೋಮು ದ್ವೇಷ ಬೆಳೆದಂತೆ ಅದರ ಬಗ್ಗೆ ಆಕ್ಷೇಪವೂ ಬೆಳೆಯಿತು. 1940ರಲ್ಲಿ ಗಾಂಧೀಜಿ ಅದನ್ನು ವಿರೋಧಿಸಿದರು. 1946ರಲ್ಲಿ ಅದು ನಿಂತಿತು. ಎಲ್ಲ ಮತದವರೂ ಅಲ್ಲಿ ಒಂದೇ ಮೈದಾನಕ್ಕೆ ಬರುತ್ತಿದ್ದರು ಎಂಬುದು ನಿಜ, ಆದರೆ ಎದುರಾಳಿಗಳಾಗಿ.

ಇದಕ್ಕೆ ಪ್ರತಿಯಾದ ಉದಾಹರಣೆ ಬೆಂಗಳೂರಿನ ಫುಟ್‌ಬಾಲಿನಲ್ಲಿ ಸಿಗುತ್ತದೆ. ದಂಡು ಪ್ರದೇಶದ ಸೈನಿಕರಿಂದ ಈ ಆಟ ಕಲಿತ ಬೆಂಗಳೂರು ಒಂದು ಕಾಲಕ್ಕೆ ದೇಶದ ಫುಟ್‌ಬಾಲ್ ನಗರಗಳಲ್ಲಿ ಮುಂಚೂಣಿಯಲ್ಲಿತ್ತು. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ನಗರದ ಅಹ್ಮದ್ ಖಾನ್ ಮತ್ತು ಧನರಾಜ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡ ಸೇರಿ ವೆಂಕಟೇಶ್, ಅಪ್ಪಾರಾವ್, ಸಾಲೇ ಅವರೊಂದಿಗೆ ಮುಂಪಡೆ ಕಟ್ಟಿದರು. ದೇಶವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ನಗರದಲ್ಲಿ, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಅಚ್ಚುಮೆಚ್ಚಿನ ತಂಡದಲ್ಲಿ, ಈ ಐವರನ್ನು ಜನ ಕರೆದದ್ದು ‘ಪಂಚಪಾಂಡವರು’ ಎಂದು. ಹೆಸರು ಕೊಟ್ಟವರಿಗೆ ಐವರಲ್ಲಿ ಯಾರ ಮತ ಯಾವುದೆಂಬುದು ಅಡ್ಡಿಯಾಗಲಿಲ್ಲ.

ಇವೆರಡರ ನಡುವೆ ಕೊಡಗಿನ ಹಾಕಿ ಹಬ್ಬದಂಥ ಮೂರನೆಯ ಬಗೆಯೂ ಇದೆ. 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬ ತಂಡಗಳಿಂದ ಆರಂಭವಾದ ಕೊಡವ ಕುಟುಂಬಗಳ ಪಂದ್ಯಾವಳಿ 2024ರಲ್ಲಿ 360 ತಂಡಗಳಿಗೆ ಬೆಳೆದು ಗಿನ್ನೆಸ್ ದಾಖಲೆಗೆ ಸೇರಿತು. ಚದುರಿಹೋದ ಒಕ್ಕಗಳ ಸದಸ್ಯರನ್ನು ಮತ್ತೆ ಒಂದೆಡೆ ಸೇರಿಸುವುದು ಅದರ ಗುರಿ, ಆ ಗುರಿಯಲ್ಲಿ ಅದು ಗೆದ್ದಿದೆ. ಆದರೆ ಒಂದು ಸಮುದಾಯದ ಒಳಗಿನ ಬಾಂಧವ್ಯ ಗಟ್ಟಿಗೊಳಿಸುವುದು ಒಂದು ಕೆಲಸ, ಎರಡು ಸಮುದಾಯಗಳ ನಡುವೆ ಸೇತುವೆ ಕಟ್ಟುವುದು ಇನ್ನೊಂದು ಕೆಲಸ. ಒಂದರ ಯಶಸ್ಸನ್ನು ಇನ್ನೊಂದರ ಯಶಸ್ಸೆಂದು ಎಣಿಸಲಾಗದು. ಯೋಜನೆಯ ಗುರಿ ಯಾವುದೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಮೌಲ್ಯಮಾಪನದ ಮೊದಲ ಮೆಟ್ಟಿಲು.

1954ರ ಎರಡು ಪಾಠಗಳು

ಬೇರೆ ಬೇರೆ ಗುಂಪಿನವರು ಹತ್ತಿರ ಬಂದರೆ ಪೂರ್ವಗ್ರಹ ಕರಗುತ್ತದೆಯೇ ಎಂಬ ಪ್ರಶ್ನೆ ಎರಡನೆಯ ಮಹಾಯುದ್ಧದ ನಂತರ ಮನಶ್ಶಾಸ್ತ್ರಜ್ಞರನ್ನು ಬಹುವಾಗಿ ಕಾಡಿತು. 1954ರಲ್ಲಿ ಅಮೆರಿಕದ ಒಕ್ಲಹೋಮದಲ್ಲಿ ಮುಜಾಫರ್ ಶೆರೀಫ್ ಮತ್ತು ಅವರ ಸಂಗಡಿಗರು ಒಂದು ಬೇಸಿಗೆ ಶಿಬಿರ ನಡೆಸಿದರು. ಹನ್ನೊಂದು ಹನ್ನೆರಡು ವರ್ಷದ 22 ಹುಡುಗರನ್ನು ಎರಡು ತಂಡ ಮಾಡಿದರು. ಮೊದಲು ಒಂದು ತಂಡಕ್ಕೆ ಇನ್ನೊಂದರ ಪರಿಚಯವೇ ಇರಲಿಲ್ಲ. ಬಳಿಕ ಬೇಸ್‌ಬಾಲ್, ಹಗ್ಗಜಗ್ಗಾಟಗಳಲ್ಲಿ ಎದುರುಬದುರು ಮಾಡಿದಾಗ ಕೆಲವೇ ದಿನಗಳಲ್ಲಿ ಬೈಗುಳ, ಬಾವುಟ ಸುಡುವುದು, ಕೋಣೆಗೆ ನುಗ್ಗುವುದು ಶುರುವಾಯಿತು. ಒಟ್ಟಿಗೆ ಊಟಕ್ಕೆ ಕೂರಿಸಿದರೂ ಜಗಳ ನಿಲ್ಲಲಿಲ್ಲ. ಕೊನೆಗೆ ಶಿಬಿರದ ನೀರಿನ ಸರಬರಾಜು ನಿಂತಂತೆ, ಲಾರಿ ಕೆಟ್ಟು ನಿಂತಂತೆ ಮಾಡಿ, ಇಬ್ಬರೂ ಕೈಸೇರಿಸದೆ ಬಗೆಹರಿಯದ ಕೆಲಸಗಳನ್ನು ಒಡ್ಡಿದಾಗ ಹಗೆ ಇಳಿಯಿತು.

ಅದೇ ವರ್ಷ ಗಾರ್ಡನ್ ಆಲ್‌ಪೋರ್ಟ್ ಎಂಬ ವಿದ್ವಾಂಸರು ಪೂರ್ವಗ್ರಹದ ಬಗ್ಗೆ ಬರೆದ ಗ್ರಂಥದಲ್ಲಿ, ಬರಿಯ ಸಂಪರ್ಕ ಸಾಲದೆಂದು ಹೇಳಿ ಅದು ಫಲ ಕೊಡಲು ಅನುಕೂಲವಾದ ಸ್ಥಿತಿಗಳನ್ನು ವಿವರಿಸಿದರು. ಸೇರಿದವರ ಸ್ಥಾನಮಾನ ಸಮವಾಗಿರಬೇಕು, ಗುರಿ ಒಂದೇ ಆಗಿರಬೇಕು, ಆ ಗುರಿಗಾಗಿ ಅವರು ಕೂಡಿ ದುಡಿಯಬೇಕು, ಊರಿನ ಹಿರಿಯರ, ಕಾನೂನಿನ, ಸಂಸ್ಥೆಯ ಬೆಂಬಲ ಅದಕ್ಕಿರಬೇಕು.

ಕೊನೆಯ ಮಾತಿನ ತೂಕ ತುಮಕೂರಿನವರಿಗೆ ಬೇಗ ಅರ್ಥವಾದೀತು. ಕ್ಯಾತ್ಸಂದ್ರದ ಸಿದ್ಧಗಂಗೆಯಲ್ಲಿ ದಶಕಗಳಿಂದ ಸಾವಿರಾರು ಮಕ್ಕಳು ಜಾತಿ ಮತಗಳ ಎಣಿಕೆಯಿಲ್ಲದೆ ಒಂದೇ ಕಡೆ ಉಂಡು, ಮಲಗಿ, ಓದಿದ್ದಾರೆ. ಹಳ್ಳಿಯಲ್ಲಿ ಒಪ್ಪದ ತಂದೆತಾಯಿಯರೂ ಅಲ್ಲಿ ಒಪ್ಪಿದ್ದರೆ, ಅದಕ್ಕೆ ಸಂಸ್ಥೆಯೇ ಅದನ್ನು ತನ್ನ ನಿಯಮವಾಗಿ ಮಾಡಿಕೊಂಡದ್ದು ಮುಖ್ಯ ಕಾರಣ. ಹಿರಿಯರ ನಿಲುವು ಗಟ್ಟಿಯಿದ್ದಲ್ಲಿ ಕಿರಿಯರಿಗೆ ಕೂಡುವುದು ಸುಲಭ.

ತಲೆ ಎಣಿಸಿದರೆ ಸಾಲದು

ಫುಟ್‌ಬಾಲ್ ಯೋಜನೆಗಳು ಹುಟ್ಟಿದ್ದು ಈ ತಿಳಿವಳಿಕೆಯ ನೆಲದಲ್ಲಿ. 1987ರಲ್ಲಿ ಕೀನ್ಯದ ನೈರೋಬಿಯ ಮಠಾರೆ ಕೊಳೆಗೇರಿಯಲ್ಲಿ ಶುರುವಾದ ಮಕ್ಕಳ ಲೀಗಿನಲ್ಲಿ ಗೋಲಿನ ಜೊತೆಗೆ ಬಡಾವಣೆ ಸ್ವಚ್ಛ ಮಾಡಿದ್ದಕ್ಕೂ ತಂಡಕ್ಕೆ ಅಂಕ ಕೊಡುವ ಪದ್ಧತಿ ಬಂತು. 1994ರ ವಿಶ್ವಕಪ್‌ನಲ್ಲಿ ತನ್ನದೇ ಗೋಲಿಗೆ ಚೆಂಡು ಹಾಕಿದ ಕೊಲಂಬಿಯದ ಆಂದ್ರೆಸ್ ಎಸ್ಕೊಬಾರ್ ತವರಿಗೆ ಮರಳಿದ ಮೇಲೆ ಗುಂಡಿಗೆ ಬಲಿಯಾದರು. ಅದರ ಬೆನ್ನಲ್ಲೇ ಅವರ ಊರಾದ ಮೆಡೆಲಿನ್‌ನಲ್ಲಿ ಹುಡುಗ ಹುಡುಗಿಯರು ಒಂದೇ ತಂಡದಲ್ಲಿ ಆಡುವ ಶಾಂತಿಯ ಫುಟ್‌ಬಾಲ್ ಚಿಗುರಿತು. 1998ರಲ್ಲಿ ಯುದ್ಧದಿಂದ ಜರ್ಜರಿತವಾಗಿದ್ದ ಬಾಸ್ನಿಯದಲ್ಲಿ, ಬೇರೆ ಬೇರೆ ಜನಾಂಗದ ಮಕ್ಕಳನ್ನು ಬೆರೆಸಿ ಆಡಿಸುವ ಫುಟ್‌ಬಾಲ್ ಶಾಲೆಗಳು ತೆರೆದವು.

ಇಂಥ ಯೋಜನೆಗಳ ವರದಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎಣಿಕೆ. ಎಷ್ಟು ಮಕ್ಕಳು ಬಂದರು, ಎಷ್ಟು ಚೆಂಡು ಹಂಚಲಾಯಿತು, ಎಷ್ಟು ಪಂದ್ಯ ನಡೆಯಿತು. ಇದು ಲೆಕ್ಕಪತ್ರ, ಮೌಲ್ಯಮಾಪನವಲ್ಲ. ಕೆಲವೆಡೆ ಕೊನೆಯ ದಿನ ಮಕ್ಕಳನ್ನೇ ಕೇಳುವುದುಂಟು: ‘ಈಗ ಆ ಸಮುದಾಯದವರ ಬಗ್ಗೆ ನಿನ್ನ ಅಭಿಪ್ರಾಯವೇನು?’ ಕೈಯಲ್ಲಿ ಹೊಸ ಜರ್ಸಿ ಹಿಡಿದ ಹುಡುಗ, ಕೇಳಿದವರಿಗೆ ಹಿತವಾಗುವ ಉತ್ತರವನ್ನೇ ಕೊಡುತ್ತಾನೆ. ಇನ್ನೂ ಒಂದು ತೊಡಕಿದೆ. ಇಂಥ ಆಟಕ್ಕೆ ತಾನಾಗಿ ಬರುವವರು ಮೊದಲೇ ಸ್ವಲ್ಪ ತೆರೆದ ಮನಸ್ಸಿನವರು. ಅವರಲ್ಲಿ ಕಂಡ ಸೌಹಾರ್ದ ಆಟದಿಂದ ಬಂದದ್ದೋ, ಮನೆಯಿಂದಲೇ ತಂದದ್ದೋ?

ಈ ತೊಡಕು ಸಂಶೋಧಕರಿಗೂ ಇತ್ತು. ಸಂಪರ್ಕದಿಂದ ಪೂರ್ವಗ್ರಹ ಕಡಿಮೆಯಾಗುತ್ತದೆ ಎಂಬುದಕ್ಕೆ 2006ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ 515 ಅಧ್ಯಯನಗಳ ಆಧಾರ ನೀಡಿತ್ತು. ಆದರೆ 2018ರಲ್ಲಿ ಇನ್ನೊಂದು ತಂಡ ಬಿಗಿಯಾದ ಜರಡಿ ಹಿಡಿಯಿತು. ಯಾರಿಗೆ ಸಂಪರ್ಕ, ಯಾರಿಗಿಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಪರಿಣಾಮವನ್ನು ಸ್ವಲ್ಪವಾದರೂ ಕಾಲ ಕಳೆದ ಮೇಲೆ ಅಳೆದ ಅಧ್ಯಯನಗಳು ಆ ಜರಡಿಯಲ್ಲಿ ಉಳಿದದ್ದು ಕೇವಲ 27.

ಚೀಟಿ ಎತ್ತುವ ಉಪಾಯ

ಚೀಟಿ ಎತ್ತುವುದರ ಮರ್ಮ ಸರಳ. ಹೆಸರು ಕೊಟ್ಟವರನ್ನೆಲ್ಲ ಒಂದು ಪಟ್ಟಿ ಮಾಡಿ, ಅದೃಷ್ಟದ ಮೇಲೆ ಒಂದಷ್ಟು ಮಂದಿಯನ್ನು ಮಿಶ್ರ ತಂಡಕ್ಕೆ, ಒಂದಷ್ಟು ಮಂದಿಯನ್ನು ಒಂದೇ ಸಮುದಾಯದ ತಂಡಕ್ಕೆ ಹಾಕಿ, ಉಳಿದವರನ್ನು ಈ ಸಲ ಹೊರಗಿಟ್ಟರೆ, ಮೂರೂ ಗುಂಪಿನವರು ಮೊದಲಿಗೆ ಒಂದೇ ಬಗೆಯವರಾಗಿರುತ್ತಾರೆ. ಕೊನೆಯಲ್ಲಿ ಕಾಣುವ ವ್ಯತ್ಯಾಸಕ್ಕೆ ಆಗ ಆಟವೇ ಕಾರಣ ಎನ್ನಬಹುದು.

ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ 2017ರಲ್ಲಿ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮಾಡಿದ್ದು ಇದನ್ನೇ, ಫುಟ್‌ಬಾಲಿನ ಬದಲು ಕ್ರಿಕೆಟ್‌ನಲ್ಲಿ. ಬೇರೆ ಬೇರೆ ಜಾತಿಯ 1,261 ಯುವಕರಲ್ಲಿ 800 ಮಂದಿ ಎಂಟು ಲೀಗ್‌ಗಳಲ್ಲಿ ಆಡಿದರು. ಕೆಲವು ತಂಡ ಒಂದೇ ಜಾತಿಯವು, ಕೆಲವು ಮಿಶ್ರ. ಆಟ ಮುಗಿದ ಮೇಲೆ ಯಾರಿಗೆ ಯಾರು ಸ್ನೇಹಿತರಾದರು, ಯಾರು ಯಾರ ಜೊತೆ ವಸ್ತು ವಿನಿಮಯಕ್ಕೆ ಮುಂದಾದರು ಎಂಬುದನ್ನು ಗಮನಿಸಲಾಯಿತು. 2021ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಹೀಗಿದೆ: ಒಂದೇ ತಂಡದಲ್ಲಿ ಬೆರೆತು ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು, ಸ್ವಜಾತಿಯ ಪಕ್ಷಪಾತ ಇಳಿಯಿತು, ವಿನಿಮಯ ಸಲೀಸಾಯಿತು. ಬೇರೆ ಜಾತಿಯವರನ್ನು ಬರಿ ಎದುರಾಳಿಗಳಾಗಿ ಕಂಡವರಲ್ಲಿ ಪರಿಣಾಮ ಬಹುಮಟ್ಟಿಗೆ ಇದರ ವಿರುದ್ಧ ದಿಕ್ಕಿಗೆ ಇತ್ತು. ಒಟ್ಟಾರೆ ಲಾಭವೇ ಹೆಚ್ಚಾಗಿತ್ತು.

ಫುಟ್‌ಬಾಲಿನ ಪರೀಕ್ಷೆ ನಡೆದದ್ದು ಇರಾಕಿನಲ್ಲಿ. 2014ರಲ್ಲಿ ಐಸಿಸ್ ದಾಳಿಯಿಂದ ಮನೆಮಠ ಬಿಟ್ಟು ಓಡಿದ ಕ್ರೈಸ್ತರಲ್ಲಿ ನೆರೆಯ ಮುಸ್ಲಿಮರ ಬಗ್ಗೆ ಅಪನಂಬಿಕೆ ಆಳವಾಗಿತ್ತು. ಸಲ್ಮಾ ಮೂಸಾ ಎಂಬ ಸಂಶೋಧಕಿ ಅಲ್ಲಿನ ಹವ್ಯಾಸಿ ಆಟಗಾರರ 51 ತಂಡಗಳ ಲೀಗ್ ನಡೆಸಿದರು. ಕೆಲವು ತಂಡಗಳಿಗೆ ಕ್ರೈಸ್ತರನ್ನೇ, ಕೆಲವಕ್ಕೆ ಮುಸ್ಲಿಮರನ್ನೂ ಸೇರಿಸಲಾಯಿತು. 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದಂತೆ, ಮುಸ್ಲಿಮರ ಜೊತೆ ಆಡಿದ ಕ್ರೈಸ್ತ ಯುವಕರು ಎದುರಿನ ತಂಡದ ಮುಸ್ಲಿಮ್ ಆಟಗಾರನಿಗೂ ಕ್ರೀಡಾಮನೋಭಾವದ ಪ್ರಶಸ್ತಿಗೆ ಮತ ಹಾಕಿದರು. ಮುಂದಿನ ಲೀಗಿಗೆ ಮಿಶ್ರ ತಂಡಕ್ಕೇ ಹೆಸರು ಕೊಡಲು ಮುಂದಾದರು. ಆರು ತಿಂಗಳ ನಂತರವೂ ಮುಸ್ಲಿಮರ ಜೊತೆ ಅಭ್ಯಾಸ ಮಾಡುತ್ತಿದ್ದರು. ಆದರೆ ಮುಸ್ಲಿಮರು ಹೆಚ್ಚಾಗಿರುವ ಮೋಸುಲ್ ನಗರದ ಹೋಟೆಲಿಗೆ ಊಟಕ್ಕೆ ಹೋಗುವುದರಲ್ಲಿ, ಎಲ್ಲರೂ ಕಲೆಯುವ ಸಮಾರಂಭಕ್ಕೆ ಬರುವುದರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಮೈದಾನದ ಗೆಳೆತನ ಗೆರೆ ದಾಟಿ ಊರಿನೊಳಕ್ಕೆ ಬರಲು ಹಿಂಜರಿಯಿತು. ಬಾಲು ಅವರ ಚಹದ ಕುಡಿಕೆ ಒಂದು ಶತಮಾನದ ಮೊದಲೇ ಹೇಳಿದ್ದ ಮಾತು ಇದು.

ಗೆರೆ ದಾಟುವುದು ಅಸಾಧ್ಯವೇನೂ ಅಲ್ಲ ಎಂಬುದಕ್ಕೆ ದೆಹಲಿಯ ಶಾಲೆಗಳ ಅಧ್ಯಯನವೊಂದಿದೆ. 2007ರಿಂದ ಅಲ್ಲಿನ ಹಲವು ಶ್ರೀಮಂತ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಸೀಟು ಮೀಸಲಿಡಬೇಕಾಯಿತು. ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞರು ಅಂಥ ಶಾಲೆಗಳ ಸ್ಥಿತಿವಂತ ಮಕ್ಕಳಿಗೆ ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸಿಕೊಳ್ಳಲು ಹೇಳಿದರು. ವೇಗವಾಗಿ ಓಡುವ ಬಡ ಹುಡುಗನೋ, ನಿಧಾನವಾಗಿ ಓಡುವ ತಮ್ಮಂಥವನೋ? ಬಡ ಸಹಪಾಠಿಗಳ ಜೊತೆ ಓದಿದವರು ಭೇದ ಮಾಡಿದ್ದು ಕಡಿಮೆ. ವರ್ಷಗಟ್ಟಲೆ ದಿನವೂ ಒಂದೇ ಬೆಂಚಿನಲ್ಲಿ ಕುಳಿತದ್ದರ ಫಲ ಅದು. ಎರಡು ತಿಂಗಳ ಲೀಗಿನಿಂದ ಅಷ್ಟನ್ನೇ ನಿರೀಕ್ಷಿಸುವುದು ನ್ಯಾಯವಲ್ಲ.

ಬೆಟ್ಟದ ತಪ್ಪಲಿಗೆ ಬಂದರೆ

ಈ ತಿಳಿವಳಿಕೆಯನ್ನು ದೇವರಾಯನದುರ್ಗದ ತಪ್ಪಲಿನ ಒಂದು ಹಳ್ಳಿಗೆ ಅನ್ವಯಿಸಿದರೆ ಏನು ಮಾಡಬೇಕಾದೀತು? ಯುವಕ ಸಂಘವೋ ಪ್ರೌಢಶಾಲೆಯ ದೈಹಿಕ ಶಿಕ್ಷಕರೋ ಪಂದ್ಯಾವಳಿ ನಡೆಸುವಾಗ ಊರಿನದೊಂದು ತಂಡ, ಕೇರಿಯದೊಂದು ತಂಡ ಎಂದು ಕಟ್ಟಿಬಿಡುವುದು ಸುಲಭ. ಹುಡುಗರು ತಾವಾಗಿ ಕಟ್ಟಿಕೊಂಡರೆ ಆಗುವುದೂ ಹಾಗೆಯೇ. ಆ ಪಂದ್ಯದಲ್ಲಿ ಒಂದು ಪೆನಾಲ್ಟಿ ತೀರ್ಪಿನ ಜಗಳ ಸಾಕು, ಹಳೆಯ ಹಗೆಗೆ ಹೊಸ ಕಾರಣ ಸಿಗುತ್ತದೆ. ಹೆಸರುಗಳನ್ನು ಚೀಟಿಯಲ್ಲಿ ಬರೆದು ಎತ್ತಿ ತಂಡ ಮಾಡಿದರೆ ಇದನ್ನು ತಪ್ಪಿಸಬಹುದು. ಅದಕ್ಕೆ ಖರ್ಚೂ ಇಲ್ಲ. ಜಾಗ ಸಾಲದೆ ಈ ವರ್ಷ ಹೊರಗುಳಿದವರಿಗೆ ಮುಂದಿನ ವರ್ಷ ಮೊದಲ ಅವಕಾಶ ಕೊಟ್ಟರೆ ಅನ್ಯಾಯವೂ ಆಗದು, ಹೋಲಿಸಿ ನೋಡಲು ಒಂದು ಗುಂಪೂ ಸಿಗುತ್ತದೆ.

ಅಳತೆಗೆ ದೊಡ್ಡ ಪ್ರಶ್ನಾವಳಿ ಬೇಡ. ಬಾಯಿಮಾತಿಗಿಂತ ನಡತೆಯನ್ನು ನೋಡಿದರೆ ಸಾಕು. ಪಂದ್ಯದ ನಂತರ ಒಂದೇ ಕೊಡದ ನೀರು ಎಲ್ಲರ ಕೈಗೂ ಬರುತ್ತದೆಯೇ? ಚಹದ ಅಂಗಡಿಯಲ್ಲಿ ಒಂದೇ ಬೆಂಚು, ಒಂದೇ ಬಗೆಯ ಲೋಟ ಇವೆಯೇ? ನಾಯಕ ಯಾರಾಗುತ್ತಾರೆ, ಚೆಂಡು ಹೊತ್ತು ತರುವ, ಗೆರೆ ಹಾಕುವ ಕೆಲಸ ಯಾರ ಪಾಲಿಗೆ ಬೀಳುತ್ತದೆ? ಆರು ತಿಂಗಳ ನಂತರ ಯಾರೂ ಹೇಳದೆ ಆಡುವಾಗ ತಂಡಗಳು ಬೆರೆತಿರುತ್ತವೆಯೇ? ಜಾತ್ರೆಗೆ, ಮದುವೆಗೆ, ಮನೆಯ ಒಳಗಿನ ಊಟಕ್ಕೆ ತಂಡದ ಗೆಳೆಯನಿಗೆ ಕರೆ ಬರುತ್ತದೆಯೇ? ಹುಡುಗಿಯರು ಆಟದಲ್ಲಿದ್ದಾರೆಯೇ, ಅಥವಾ ಎರಡು ಸಮುದಾಯದ ಗಂಡುಹುಡುಗರ ಸ್ನೇಹವನ್ನೇ ಊರಿನ ಸ್ನೇಹವೆಂದು ಬರೆದುಕೊಳ್ಳಲಾಗಿದೆಯೇ? ಮಧ್ಯದಲ್ಲಿ ಆಟ ಬಿಟ್ಟವರು ಯಾರು, ಏಕೆ ಬಿಟ್ಟರು? ಈ ಕೊನೆಯ ಪ್ರಶ್ನೆಯನ್ನು ಕೇಳದ ವರದಿ ಅಪೂರ್ಣ. ಅವಮಾನವಾದವನು ಸಾಮಾನ್ಯವಾಗಿ ದೂರು ಕೊಡುವುದಿಲ್ಲ, ಮಾರನೆಯ ದಿನ ಬರುವುದಿಲ್ಲ ಅಷ್ಟೆ.

ಫಲಿತಾಂಶ ನಿರಾಶೆ ತಂದರೂ ಬೇಸರಪಡಬೇಕಾಗಿಲ್ಲ. ಮಿಶ್ರ ತಂಡದಲ್ಲಿ ಆಡಿದ ಹುಡುಗ ಮುಂದಿನ ವರ್ಷವೂ ಮಿಶ್ರ ತಂಡವನ್ನೇ ಬಯಸಿದರೆ ಅದು ಸಣ್ಣ ಸಾಧನೆಯಲ್ಲ. ಆದರೆ ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿ ತೊಡೆದುಹಾಕಿದ್ದು 1950ರಲ್ಲಿ. ಕಾನೂನು ಮಾಡಬೇಕಾದ ಕೆಲಸವನ್ನು, ಜಮೀನು, ಶಾಲೆ, ಉದ್ಯೋಗಗಳು ಮಾಡಬೇಕಾದ ಕೆಲಸವನ್ನು ಒಂದು ಚೆಂಡಿನ ಮೇಲೆ ಹೊರಿಸಿ, ಅದು ಮಾಡಲಿಲ್ಲವೆಂದು ದೂರುವುದು ಸರಿಯಲ್ಲ. ಮಾಡಿತೆಂದು ಹೇಳಿ ಕೈತೊಳೆದುಕೊಳ್ಳುವುದು ಅದಕ್ಕಿಂತ ದೊಡ್ಡ ತಪ್ಪು. ಚೆಂಡು ಎರಡು ಕಡೆಯವರ ನಡುವೆ ಪರಿಚಯ ಮಾಡಿಸುತ್ತದೆ. ಆ ಪರಿಚಯ ಮನೆಯ ಹೊಸ್ತಿಲವರೆಗೆ ಬಂದಾಗ ಒಳಗಿನವರು ಏನು ಮಾಡಿದರು ಎಂಬುದನ್ನು ಬರೆದಿಡುವ ಮೌಲ್ಯಮಾಪನವೇ ಉಪಯೋಗಕ್ಕೆ ಬರುವಂಥದು.